ಒಂದು ಕುದುರೆಗೆ ಏಳು ಕುರಿ: ಮಂಗೋಲಿಯದ ಹುಲ್ಲು, ಹಿಂಡು, ಹೊಗೆಯ ಲೆಕ್ಕ

ಮಂಗೋಲಿಯದ ವಿಸ್ತೀರ್ಣ 15.64 ಲಕ್ಷ ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 35 ಲಕ್ಷ. ಎಂಟು ಕರ್ನಾಟಕಗಳು ಹಿಡಿಸುವಷ್ಟು ನೆಲ. ಜನ ಮಾತ್ರ ಬೆಂಗಳೂರಿನ ಮೂರರಲ್ಲೊಂದು ಪಾಲಿನಷ್ಟೂ ಇಲ್ಲ. ಚದರ ಕಿಲೋಮೀಟರಿಗೆ ಇಬ್ಬರಿಗಿಂತ ತುಸು ಹೆಚ್ಚು ಎಂದು ಪ್ರವಾಸಿ ಪುಸ್ತಕಗಳೆಲ್ಲ ಬರೆಯುತ್ತವೆ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅಷ್ಟು ಮಂದಿ ಸಮನಾಗಿ ಹಂಚಿಹೋದ ಜಾಗ ಆ ದೇಶದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹೆಚ್ಚುಕಡಿಮೆ ಅರ್ಧ ದೇಶ ರಾಜಧಾನಿ ಉಲಾನ್‌ಬಾತರ್‌ನಲ್ಲಿದೆ. ಅದರ ಆಡಳಿತ ವ್ಯಾಪ್ತಿ 4,704 ಚದರ ಕಿಲೋಮೀಟರ್, ಅಂದರೆ ದೇಶದ ನೆಲದ ಶೇ 0.3. ಅಲ್ಲಿ 17 ಲಕ್ಷದ ಆಸುಪಾಸು ಜನ. ಉಳಿದ ಶೇ 99.7ರಷ್ಟು ನೆಲದಲ್ಲಿ ಉಳಿದರ್ಧ. ಆ ಭಾಗವನ್ನು 21 ಪ್ರಾಂತಗಳಾಗಿ, ಅವನ್ನು ಸುಮಾರು 330 ತಾಲ್ಲೂಕುಗಳಾಗಿ ವಿಂಗಡಿಸಿದ್ದಾರೆ. ತಾಲ್ಲೂಕಿಗೆ ಅಲ್ಲಿ ಸುಮ್ ಎನ್ನುತ್ತಾರೆ. ಒಂದು ಸುಮ್‌ನ ಸರಾಸರಿ ವಿಸ್ತಾರ ಸುಮಾರು 4,700 ಚದರ ಕಿಲೋಮೀಟರ್. ರಾಜಧಾನಿಯ ವ್ಯಾಪ್ತಿಯೂ ಅಷ್ಟೇ ಎನ್ನುವುದು ಕಾಕತಾಳೀಯ, ಆದರೆ ಮರೆಯದಂತಹ ಕಾಕತಾಳೀಯ. ನಮ್ಮ ಕೊಡಗು ಜಿಲ್ಲೆ 4,102 ಚದರ ಕಿಲೋಮೀಟರ್, 2011ರ ಗಣತಿಯಲ್ಲಿ ಅಲ್ಲಿದ್ದವರು ಐದೂವರೆ ಲಕ್ಷ. ಕೊಡಗಿಗಿಂತ ದೊಡ್ಡದಾದ ಮಂಗೋಲಿಯದ ಸುಮ್‌ನಲ್ಲಿ ಸಾಮಾನ್ಯವಾಗಿ ಕೆಲವೇ ಸಾವಿರ ಜನ. ಒಂದು ಶಾಲೆ, ಒಂದು ಚಿಕ್ಕ ಆಸ್ಪತ್ರೆ, ಒಂದು ಬ್ಯಾಂಕು, ಒಂದೆರಡು ಅಂಗಡಿ, ಪೆಟ್ರೋಲ್ ಬಂಕು. ಅದರಾಚೆ ಹುಲ್ಲು.

ಆ ಹುಲ್ಲಿಗೆ ಬೇಲಿಯಿಲ್ಲ. ಉಲಾನ್‌ಬಾತರ್ ಬಿಟ್ಟು ಪಶ್ಚಿಮಕ್ಕೆ, ಹಳೆಯ ರಾಜಧಾನಿ ಖಾರ್ಖೋರಿನ್ ಕಡೆಗೆ ಸುಮಾರು 360 ಕಿಲೋಮೀಟರ್ ಹೋಗುವಾಗ ಕಣ್ಣಿಗೆ ಮೊದಲು ವಿಚಿತ್ರ ಎನಿಸುವುದು ಇದೇ. ಬದು ಇಲ್ಲ, ಕಲ್ಲುಕಟ್ಟೆ ಇಲ್ಲ, ಸರ್ವೆ ಕಲ್ಲಿಲ್ಲ. 1992ರ ಸಂವಿಧಾನವೇ ಜಾನುವಾರುಗಳನ್ನು ರಾಷ್ಟ್ರದ ಸಂಪತ್ತು ಎಂದು ಕರೆದು ರಾಜ್ಯದ ರಕ್ಷಣೆಗೆ ಒಪ್ಪಿಸಿದೆ; ಹುಲ್ಲುಗಾವಲನ್ನು ಯಾರ ಖಾಸಗಿ ಆಸ್ತಿಯೂ ಆಗದಂತೆ ಹೊರಗಿಟ್ಟಿದೆ. ಪ್ರಾಣಿ ಖಾಸಗಿ, ಹುಲ್ಲು ಎಲ್ಲರದು. ಈ ದೇಶದ ಮುಕ್ಕಾಲು ಕಥೆ ಈ ಎರಡು ಮಾತುಗಳ ನಡುವೆ ನಡೆಯುತ್ತದೆ.

ಅಲೆಮಾರಿ ಕುಟುಂಬದ ಮನೆ ಗೆರ್. ದುಂಡಗಿನ, ಮಡಚಬಹುದಾದ, ಉಣ್ಣೆ ಹೊದೆಸಿದ ಮನೆ. ಅದರ ಅಳತೆಯನ್ನು ಅಡಿಯಲ್ಲಿ ಹೇಳುವುದಿಲ್ಲ, ಗೋಡೆಗಳಲ್ಲಿ ಹೇಳುತ್ತಾರೆ. ಸಾಧಾರಣ ಕುಟುಂಬದ್ದು ಐದು ಗೋಡೆಯ ಗೆರ್. ಮರದ ಪಟ್ಟಿಗಳನ್ನು ಜಾಲರಿಯಂತೆ ಹೆಣೆದ ಐದು ಮಡಿಕೆಗಳು, ಮಾಡಿಗೆ 81 ಕೋಲುಗಳು, ಅವೆಲ್ಲ ಸೇರುವ ನಡುನೆತ್ತಿಯಲ್ಲಿ ಚಕ್ರದಂತಹ ಬೆಳಕಿಂಡಿ, ಅದಕ್ಕೆ ಆಸರೆಯಾಗಿ ಎರಡು ಕಂಬ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಮೊಳೆ ಬೇಡ, ಪಾಯ ಬೇಡ. ನುರಿತ ಕುಟುಂಬ ಗಂಟೆಯೊಳಗೆ ಬಿಚ್ಚುತ್ತದೆ, ಎರಡು ಗಂಟೆಯಲ್ಲಿ ಮತ್ತೆಲ್ಲೋ ನಿಲ್ಲಿಸುತ್ತದೆ. ಈ ಕಸುಬನ್ನು ಯುನೆಸ್ಕೊ 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ವರ್ಷಕ್ಕೆ ಕನಿಷ್ಠ ಎರಡರಿಂದ ನಾಲ್ಕು ಸಲ ಗುಳೆ: ಚಳಿಗಾಲದ ನೆಲೆ, ವಸಂತದ ನೆಲೆ, ಬೇಸಿಗೆಯದು, ಶರತ್ಕಾಲದ್ದು. ಹುಲ್ಲು ಚೆನ್ನಾಗಿರುವ ಖಾಂಗಾಯ್ ಬೆಟ್ಟಸೀಮೆಯಲ್ಲಿ ದೂರ ಕಡಿಮೆ. ಗೋಬಿಯಲ್ಲಿ ಮಳೆ ಬಿದ್ದ ಕಡೆಗೆ ಎಷ್ಟು ದೂರವಾದರೂ ಹೋಗಬೇಕು. ಒಂಟೆಯ ಮೇಲೆ ಮನೆ ಹೇರುವ ಚಿತ್ರ ಕ್ಯಾಲೆಂಡರ್‌ಗಳಲ್ಲಿ ಚೆಂದ ಕಾಣುತ್ತದೆ. ಇಂದು ಬಹುತೇಕರ ಸಾಮಾನು ಏರುವುದು ಕೊರಿಯಾದ ಪೋರ್ಟರ್ ಎಂಬ ಪುಟ್ಟ ಟ್ರಕ್ಕಿನ ಮೇಲೆ. ಹಾಗಾಗಿ ಪ್ರತಿ ಗುಳೆಗೂ ಡೀಸೆಲ್ ಖರ್ಚಿದೆ, ಬಾಡಿಗೆ ಇದೆ. ಪುಕ್ಕಟೆಯ ಹುಲ್ಲನ್ನು ತಲುಪಲು ಕಾಸು ಬೇಕು. ಕೈಯಲ್ಲಿ ಕಾಸಿಲ್ಲದವರು ಹೋಗಬೇಕಾದಷ್ಟು ದೂರ ಹೋಗುವುದಿಲ್ಲ, ಇದ್ದಲ್ಲೇ ಇರುತ್ತಾರೆ. ಇದ್ದಲ್ಲಿನ ಹುಲ್ಲು ಸವೆಯುತ್ತದೆ.

ಗೆರ್‌ನ ಹೊರಗೆ ಸೌರಫಲಕ ಕಾಣದ ಜಾಗ ಇಂದು ಅಪರೂಪ. ಇದರ ಹಿಂದೆ ಒಂದು ಸರ್ಕಾರಿ ಯೋಜನೆಯಿದೆ. 2000ದಲ್ಲಿ ಆರಂಭವಾಗಿ 2012ರಲ್ಲಿ ಮುಗಿದ ಆ ಯೋಜನೆಯ ಗುರಿ 1 ಲಕ್ಷ ಗೆರ್‌ಗಳಿಗೆ ಸೌರ ವಿದ್ಯುತ್ತು. ಮುಗಿದಾಗ ತಲುಪಿದ್ದು 1,00,146 ಕುಟುಂಬಗಳಿಗೆ. ಅರ್ಧದಷ್ಟು ಬೆಲೆ ಸಹಾಯಧನ, ಉಳಿದದ್ದು ಕುಟುಂಬದ್ದು. ದೀಪ, ಟಿ.ವಿ., ಮೊಬೈಲ್ ಚಾರ್ಜು ಅಷ್ಟರಲ್ಲಿ ನಡೆಯುತ್ತದೆ. ಹೇಳಿದ ಸಂಖ್ಯೆಯನ್ನು ಮುಟ್ಟಿ ದಾಟಿದ ಸರ್ಕಾರಿ ಯೋಜನೆಗಳು ಯಾವ ದೇಶದಲ್ಲೂ ಹೆಚ್ಚಿಲ್ಲ. ಅದಕ್ಕಾಗಿ ಆ 146 ನನಗೆ ಆ ಒಂದು ಲಕ್ಷಕ್ಕಿಂತ ಹೆಚ್ಚು ಇಷ್ಟ.

ಹಳ್ಳಿಗಾಡಿನಲ್ಲಿ ಅತಿಥಿ ಬಾಗಿಲು ತಟ್ಟುವುದಿಲ್ಲ. ದೂರದಿಂದಲೇ ನಾಯಿಯನ್ನು ಹಿಡಿದುಕೊಳ್ಳಿ ಎಂದು ಕೂಗಿ ಹೇಳುತ್ತಾನೆ. ಒಳಗೆ ಹೋದ ಮೇಲೆ ಮೊದಲು ಕ್ಷೇಮ ವಿಚಾರಿಸುವುದು ಪ್ರಾಣಿಗಳದ್ದು. ದನಕರು ಕೊಬ್ಬಿವೆಯೇ, ಚಳಿಗಾಲ ನೆಟ್ಟಗೆ ಕಳೆಯಿತೇ ಎಂದು. ಕೇಳುವ ಮೊದಲೇ ಉಪ್ಪು ಹಾಕಿದ ಹಾಲಿನ ಚಹಾ ಬಟ್ಟಲಲ್ಲಿ ಬರುತ್ತದೆ. ಜೊತೆಗೆ ಕಾಯಿಸಿ ಕೆನೆಗಟ್ಟಿಸಿದ ಓರೋಮ್, ಹಲ್ಲಿಗೆ ಸವಾಲಾಗುವ ಒಣ ಗಿಣ್ಣದ ತುಂಡು ಆರೂಲ್. ಅಲ್ಲಿ ಇದಕ್ಕೆ ಬೆಲೆ ಕಟ್ಟುವ ಪದ್ಧತಿಯಿಲ್ಲ. ಮುಂದಿನ ಮನೆ ಹತ್ತು ಕಿಲೋಮೀಟರ್ ದೂರ, ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಎಂಬ ಸೀಮೆಯಲ್ಲಿ ಅತಿಥಿ ಸತ್ಕಾರ ಸೌಜನ್ಯಕ್ಕಿಂತ ದೊಡ್ಡದು, ಅದು ಪ್ರಾಣರಕ್ಷಣೆಯ ಏರ್ಪಾಡು. ಇಂದು ಕೊಟ್ಟವರು ನಾಳೆ ಪಡೆಯುತ್ತಾರೆ.

ಬೇಸಿಗೆಯಲ್ಲಿ ಮನೆಯ ಹೆಂಗಸರ ದುಡಿಮೆಯ ಪ್ರಮಾಣವನ್ನು ಐರಾಗ್ ಒಂದರಿಂದಲೇ ಅಂದಾಜು ಮಾಡಬಹುದು. ಐರಾಗ್ ಎಂದರೆ ಹೆಣ್ಣುಕುದುರೆಯ ಹಾಲನ್ನು ಹುಳಿಯಿಸಿ ಮಾಡುವ ಪಾನೀಯ. ಹೆಣ್ಣುಕುದುರೆಗೆ ಹಸುವಿನಂತೆ ದೊಡ್ಡ ಕೆಚ್ಚಲಿಲ್ಲ. ಒಂದು ಸಲಕ್ಕೆ ಸಿಗುವ ಹಾಲು ಸ್ವಲ್ಪವೇ. ಆದ್ದರಿಂದ ಹಗಲಿಡೀ ಎರಡು ಗಂಟೆಗೊಮ್ಮೆ, ದಿನಕ್ಕೆ ಐದಾರು ಸಲ ಕರೆಯಬೇಕು. ಪ್ರತಿ ಸಲವೂ ಮರಿಯನ್ನು ತಂದು ಒಂದು ಕ್ಷಣ ಮೊಲೆಗೆ ಬಿಟ್ಟು, ಸೊರೆ ಇಳಿಸಿಕೊಂಡು, ಮರಿಯನ್ನು ಪಕ್ಕದಲ್ಲೇ ಹಿಡಿದು ನಿಲ್ಲಬೇಕು. ಆಮೇಲೆ ಆ ಹಾಲನ್ನು ಚರ್ಮದ ಚೀಲಕ್ಕೆ ಸುರಿದು ಸಾವಿರಾರು ಸಲ ಕಡೆಯಬೇಕು. ಬಾಗಿಲ ಪಕ್ಕದಲ್ಲೇ ಚೀಲ ತೂಗುಹಾಕಿರುತ್ತಾರೆ. ಹೋಗುವವರು ಬರುವವರು ನಾಲ್ಕು ಸಲ ಕಡೆದೇ ಮುಂದೆ ಹೋಗುತ್ತಾರೆ, ಅತಿಥಿಯೂ ಸೇರಿ. ರಾಷ್ಟ್ರೀಯ ಆದಾಯದ ಯಾವ ಪಟ್ಟಿಯಲ್ಲೂ ಈ ಕೈಗಳ ಲೆಕ್ಕ ಕಾಣುವುದಿಲ್ಲ.

ಈಗ ಹಿಂಡಿನ ಲೆಕ್ಕ. ಮಂಗೋಲಿಯದಲ್ಲಿ ಸಾಕುಪ್ರಾಣಿ ಎಂದರೆ ಐದು: ಕುದುರೆ, ದನ (ಚಮರೀಮೃಗವೂ ಇದರಲ್ಲೇ), ಒಂಟೆ, ಕುರಿ, ಮೇಕೆ. ಪ್ರತಿ ಡಿಸೆಂಬರಿನಲ್ಲಿ ದೇಶವಿಡೀ ತಲೆ ಎಣಿಸುತ್ತಾರೆ. 2019ರ ಡಿಸೆಂಬರಿನ ಎಣಿಕೆ 709 ಲಕ್ಷ. ಮನುಷ್ಯ ಒಬ್ಬನಿಗೆ 21 ಪ್ರಾಣಿ. ಅದೇ ವರ್ಷದ ನಮ್ಮ ಜಾನುವಾರು ಗಣತಿಯಲ್ಲಿ ಭಾರತದ ಸಂಖ್ಯೆ 53.6 ಕೋಟಿ, ಇಲ್ಲಿ ಐವರಿಗೆ ಎರಡು. ಆ 709 ಲಕ್ಷದಲ್ಲಿ ಕುರಿ 323 ಲಕ್ಷ, ಮೇಕೆ 293 ಲಕ್ಷ, ದನ 48 ಲಕ್ಷ, ಕುದುರೆ 42 ಲಕ್ಷ, ಒಂಟೆ ಸುಮಾರು 4.7 ಲಕ್ಷ.

ಆದರೆ ತಲೆ ಎಣಿಸಿದರೆ ಹುಲ್ಲಿನ ಲೆಕ್ಕ ಸಿಗುವುದಿಲ್ಲ. ಅದಕ್ಕೆ ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾನ ಕುರಿ. ಒಂದು ಕುರಿ ತಿನ್ನುವ ಮೇವು ಒಂದು ಎಂದಾದರೆ ಒಂಟೆ 5, ದನ 6, ಕುದುರೆ 7, ಮೇಕೆ 0.9. ಈ ದರದಲ್ಲಿ 2019ರ ಹಿಂಡನ್ನು ಕುರಿಗೆ ಇಳಿಸಿ ನೋಡಿದೆ. ಕುರಿ 323 ಲಕ್ಷ ಹಾಗೇ ಉಳಿಯಿತು. ಮೇಕೆ 264 ಲಕ್ಷವಾಯಿತು. ದನ 288 ಲಕ್ಷ, ಕುದುರೆ 294 ಲಕ್ಷ, ಒಂಟೆ 23 ಲಕ್ಷ. ಒಟ್ಟು ಹೆಚ್ಚುಕಡಿಮೆ 11.9 ಕೋಟಿ ಕುರಿ. ದೇಶದ ಹುಲ್ಲುಗಾವಲು ಸುಮಾರು 11 ಕೋಟಿ ಹೆಕ್ಟೇರ್. ಎಂದರೆ ಹೆಕ್ಟೇರಿಗೆ ಒಂದು ಕುರಿಗಿಂತ ಸ್ವಲ್ಪ ಹೆಚ್ಚು, ಎಕರೆಗೆ ಅರ್ಧ ಕುರಿಯೂ ಇಲ್ಲ. ನಮ್ಮ ಕಣ್ಣಿಗೆ ಇದೇನು ಭಾರ ಎನಿಸುತ್ತದೆ. ಮಳೆ ವರ್ಷಕ್ಕೆ ಗೇಣುದ್ದವೂ ಬಾರದ ಗೋಬಿಯಲ್ಲಿ, ಹುಲ್ಲು ಚಿಗುರಲು ಮೂರ್ನಾಲ್ಕು ತಿಂಗಳಷ್ಟೇ ಸಿಗುವ ನೆಲದಲ್ಲಿ ಅದು ಭಾರವೇ.

ಈ ಲೆಕ್ಕದಲ್ಲಿ ನಾನು ನಿರೀಕ್ಷಿಸದ್ದು ಕುದುರೆ. ಹುಲ್ಲುಗಾವಲು ಹಾಳಾದದ್ದಕ್ಕೆ ಎಲ್ಲರೂ ಬೆರಳು ತೋರಿಸುವುದು ಮೇಕೆಯತ್ತ, ಅದು ಬುಡಸಮೇತ ಮೇಯುತ್ತದೆಂದು. 42 ಲಕ್ಷ ಕುದುರೆಗಳ ಹೊಟ್ಟೆ 293 ಲಕ್ಷ ಮೇಕೆಗಳ ಹೊಟ್ಟೆಗಿಂತ ದೊಡ್ಡದು ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಹೇಳದಿರುವುದಕ್ಕೆ ಕಾರಣ ಬರಿಯ ಅಭಿಮಾನವಲ್ಲ. ಚಳಿಗಾಲದಲ್ಲಿ ಕುದುರೆ ಗೊರಸಿನಿಂದ ಹಿಮ ಕೆರೆದು ಹುಲ್ಲು ಬಿಡಿಸುತ್ತದೆ, ಹಿಂದೆ ಬರುವ ಕುರಿಗಳು ಆ ಜಾಡಿನಲ್ಲಿ ಮೇಯುತ್ತವೆ. ಕುರಿಯ ಮಾನದಲ್ಲಿ ತಿನ್ನುವುದು ಸಿಗುತ್ತದೆ, ತಿನ್ನಿಸುವುದು ಸಿಗುವುದಿಲ್ಲ.

ಮೇಕೆಯ ಲೆಕ್ಕಕ್ಕೆ ಬರೋಣ, ಏಕೆಂದರೆ ನಗದು ಇರುವುದು ಅಲ್ಲಿ. ಸಮಾಜವಾದಿ ಕಾಲದಲ್ಲಿ ಹಿಂಡುಗಳು ಸಹಕಾರಿ ಸಂಘಗಳ ಕೈಯಲ್ಲಿದ್ದವು. 1990ರಲ್ಲಿ ಒಟ್ಟು 259 ಲಕ್ಷ ಪ್ರಾಣಿ, ಅದರಲ್ಲಿ ಮೇಕೆ ಸುಮಾರು 50 ಲಕ್ಷ, ಐದರಲ್ಲೊಂದು. 1991ರ ನಂತರ ಪ್ರಾಣಿಗಳು ಕುಟುಂಬಗಳಿಗೆ ಹಂಚಿಹೋದವು. ಕಾರ್ಖಾನೆಗಳು ಮುಚ್ಚಿ ಸಂಬಳ ನಿಂತವರು ಹಿಂಡಿನತ್ತ ಮರಳಿದರು. ಚೀನಾದ ವ್ಯಾಪಾರಿಗಳು ಮೇಕೆಯ ಒಳತುಪ್ಪಳಕ್ಕೆ, ಜಗತ್ತು ಕ್ಯಾಶ್ಮೀರ್ ಎಂದು ಕರೆಯುವ ಉಣ್ಣೆಗೆ, ನಗದು ಹಿಡಿದು ಬಂದರು. ಮೂವತ್ತು ವರ್ಷಗಳಲ್ಲಿ ಮೇಕೆ ಸುಮಾರು ಆರು ಪಟ್ಟಾಯಿತು.

ಒಂದು ಮೇಕೆ ವರ್ಷಕ್ಕೊಮ್ಮೆ ಕೊಡುವ ತುಪ್ಪಳ 250ರಿಂದ 300 ಗ್ರಾಂ. ಕತ್ತರಿಸುವುದಿಲ್ಲ, ವಸಂತದಲ್ಲಿ ಕಬ್ಬಿಣದ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ತೊಳೆದು ಒರಟು ಕೂದಲು ಬೇರ್ಪಡಿಸಿದರೆ ಉಳಿಯುವುದು ಅರ್ಧದಷ್ಟು. ಒಂದು ಸ್ವೆಟರಿಗೆ ಮೂರ್ನಾಲ್ಕು ಮೇಕೆಗಳ ಇಡೀ ವರ್ಷದ ಫಸಲು ಬೇಕು. ದೇಶದ ಒಟ್ಟು ಕಚ್ಚಾ ಉತ್ಪಾದನೆ ಸುಮಾರು 9,000 ಟನ್; ಚೀನಾದ ನಂತರ ಜಗತ್ತಿನಲ್ಲಿ ಎರಡನೇ ಸ್ಥಾನ.

ಕಚ್ಚಾ ತುಪ್ಪಳಕ್ಕೆ ಈಚಿನ ವರ್ಷಗಳಲ್ಲಿ ಕಿಲೋಗೆ 1 ಲಕ್ಷ ತುಗ್ರಿಕ್‌ನ ಆಸುಪಾಸು ದರ, ವರ್ಷದಿಂದ ವರ್ಷಕ್ಕೆ ಏರಿಳಿತ. ನಮ್ಮ ಒಂದು ರೂಪಾಯಿಗೆ ಸುಮಾರು 40 ತುಗ್ರಿಕ್ ಎಂದು ಹಿಡಿಯಿರಿ. 1 ಲಕ್ಷ ಎಂದರೆ 2,500 ರೂಪಾಯಿ. 100 ಮೇಕೆಯಿದ್ದರೆ 30 ಕಿಲೋ, 30 ಲಕ್ಷ ತುಗ್ರಿಕ್, ಸುಮಾರು 75,000 ರೂಪಾಯಿ. 2024ರಲ್ಲಿ ದೇಶದ ಕನಿಷ್ಠ ವೇತನ ತಿಂಗಳಿಗೆ 6.6 ಲಕ್ಷ ತುಗ್ರಿಕ್, ವರ್ಷಕ್ಕೆ 79.2 ಲಕ್ಷ. ನಗರದಲ್ಲಿ ಒಬ್ಬ ಕಾವಲುಗಾರನ ವರ್ಷದ ಕನಿಷ್ಠ ಸಂಬಳಕ್ಕೆ ಸಮನಾಗಿ ನಗದು ಬರಬೇಕಾದರೆ 264 ಮೇಕೆ ಬೇಕು. ಕುರಿ ದನ ಎಲ್ಲ ಸೇರಿ 200 ತಲೆ ಇದ್ದರೆ ಮಾತ್ರ ಕುಟುಂಬ ಹಿಂಡಿನ ಮೇಲೆ ಬದುಕಬಹುದು ಎಂಬುದು ಅಲ್ಲಿ ರೂಢಿಯ ಮಾತು. 1,000 ದಾಟಿದವರಿಗೆ ‘ಸಾವಿರದ ಹಿಂಡಿನವರು’ ಎಂಬ ಬಿರುದೇ ಇದೆ.

ಈ ನಗದು ಕೈಗೆ ಬರುವುದು ವಸಂತದಲ್ಲಿ, ಒಂದೇ ಸಲ. ಖರ್ಚು ಬರುವುದು ಶರತ್ಕಾಲದಲ್ಲಿ: ಮಕ್ಕಳ ಶಾಲೆ, ಚಳಿಗಾಲದ ಒಣಹುಲ್ಲು, ಹಿಟ್ಟು, ಟ್ರಕ್ಕಿನ ರಿಪೇರಿ. ನಡುವಿನ ತಿಂಗಳುಗಳನ್ನು ಬ್ಯಾಂಕಿನ ಸಾಲ ದಾಟಿಸುತ್ತದೆ. ಮೇಕೆ ಬಾಚುವ ಹೊತ್ತಿಗೆ ಆ ತುಪ್ಪಳ ಆಗಲೇ ಸಾಲಕ್ಕೆ ಹೋಗಿರುತ್ತದೆ. ಕಂತಿನ ಅವಸರಕ್ಕೆ ಬೇಗ ಬಾಚಿದರೆ, ಒಳಂಗಿ ಕಳಚಿದ ಮೇಕೆ ವಸಂತದ ಕೊನೆಯ ಹಿಮಗಾಳಿಗೆ ಸಿಕ್ಕಿ ಸಾಯುತ್ತದೆ. ಬ್ಯಾಂಕಿನ ದಿನಾಂಕಕ್ಕೂ ಮಂಗೋಲಿಯದ ಏಪ್ರಿಲ್ ತಿಂಗಳ ಹವೆಗೂ ಹೊಂದಿಕೆ ಇಲ್ಲ.

ಎಲ್ಲ ಲೆಕ್ಕಗಳನ್ನೂ ಅಳಿಸಿಹಾಕುವುದು ಝುಡ್. ಚಳಿಗಾಲದ ಜಾನುವಾರು ಕ್ಷಾಮ ಎನ್ನಬಹುದು. ಅದರಲ್ಲಿ ಬಗೆಗಳಿವೆ. ಹಿಮ ಆಳವಾಗಿ ಬಿದ್ದು ಹುಲ್ಲು ಮುಚ್ಚಿಹೋದರೆ ಬಿಳಿ ಝುಡ್. ಹಿಮವೇ ಬೀಳದೆ ಕುಡಿಯಲು ನೀರಿಲ್ಲದಾದರೆ ಕಪ್ಪು ಝುಡ್. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗೊರಸಿಗೂ ಒಡೆಯದ ಮಂಜುಗಡ್ಡೆಯಾದರೆ ಕಬ್ಬಿಣದ ಝುಡ್. ಸಾಮಾನ್ಯವಾಗಿ ಇವುಗಳ ಹಿಂದಿನ ಬೇಸಿಗೆ ಬರಗಾಲದ್ದು. ಕೊಬ್ಬು ಕಟ್ಟದ ಪ್ರಾಣಿ ಮಾರ್ಚ್ ದಾಟುವುದಿಲ್ಲ.

1999ರಿಂದ 2002ರವರೆಗೆ ಸಾಲಾಗಿ ಮೂರು ಚಳಿಗಾಲಗಳಲ್ಲಿ ಸತ್ತದ್ದು 1 ಕೋಟಿಗಿಂತ ಹೆಚ್ಚು. 2009ರ ಡಿಸೆಂಬರಿನಲ್ಲಿ 440 ಲಕ್ಷವಿದ್ದ ಹಿಂಡು 2010ರ ಡಿಸೆಂಬರಿನಲ್ಲಿ 327 ಲಕ್ಷ. ಒಂದೇ ವರ್ಷದಲ್ಲಿ ಹಿಂಡು ಶೇ 26ರಷ್ಟು ಇಳಿಯಿತು. ಆದರೆ ಶೇ 26 ಎಂಬುದು ಯಾವ ಮನೆಯ ಅನುಭವವೂ ಅಲ್ಲ. ಎಂಟು ಸಾವಿರಕ್ಕೂ ಹೆಚ್ಚು ಕುಟುಂಬಗಳು ತಮ್ಮ ಕೊನೆಯ ಪ್ರಾಣಿಯನ್ನೂ ಕಳೆದುಕೊಂಡವು. ಕೆಲವು ಕಣಿವೆಗಳಿಗೆ ಏನೂ ಆಗಲಿಲ್ಲ. 2023–24ರ ಚಳಿಗಾಲದಲ್ಲಿ ಒಂದು ಹಂತದಲ್ಲಿ ದೇಶದ ಶೇ 90ರಷ್ಟು ನೆಲ ಹಿಮದಡಿ ಇತ್ತು. 70 ಲಕ್ಷಕ್ಕಿಂತ ಹೆಚ್ಚು ಪ್ರಾಣಿ ಸತ್ತವು. 647 ಲಕ್ಷವಿದ್ದದ್ದು 2024ರ ಕೊನೆಗೆ 576 ಲಕ್ಷ. ವಸಂತದಲ್ಲಿ ಹಿಮ ಕರಗಿದಾಗ ಹಳ್ಳಿಗಾಡಿನ ದೊಡ್ಡ ಕೆಲಸ ಸತ್ತವನ್ನು ಒಟ್ಟು ಮಾಡಿ ಹೂಳುವುದು. ಆ ಕೆಲಸ ಮಾಡುವವರು ಆ ಪ್ರಾಣಿಗಳನ್ನು ಬಣ್ಣದಿಂದ, ನಡಿಗೆಯಿಂದ ಒಂದೊಂದಾಗಿ ಗುರುತಿಸಬಲ್ಲವರು. 1940ರಿಂದೀಚೆಗೆ ದೇಶದ ಸರಾಸರಿ ಉಷ್ಣತೆ 2 ಡಿಗ್ರಿಗಿಂತ ಹೆಚ್ಚು ಏರಿದೆ. ಬೇಸಿಗೆ ಒಣಗುತ್ತಿದೆ, ಝುಡ್‌ಗಳ ನಡುವಣ ಬಿಡುವು ಕಿರಿದಾಗುತ್ತಿದೆ.

ಇದಕ್ಕೆ ಒಂದು ವಿಮೆಯಿದೆ, 2006ರಲ್ಲಿ ಪ್ರಯೋಗವಾಗಿ ಶುರುವಾಗಿ ಆಮೇಲೆ ಎಲ್ಲ ಪ್ರಾಂತಗಳಿಗೆ ಹಬ್ಬಿದ್ದು. ಅದರ ಬುದ್ಧಿವಂತಿಕೆ ಇಲ್ಲಿದೆ: ನಿಮ್ಮ ಎಷ್ಟು ಕುರಿ ಸತ್ತವು ಎಂದು ಯಾರೂ ಬಂದು ಎಣಿಸುವುದಿಲ್ಲ, ನಿಮ್ಮ ಸುಮ್‌ನಲ್ಲಿ ಒಟ್ಟಾರೆ ಶೇಕಡ ಎಷ್ಟು ಸತ್ತವು ಎಂದು ನೋಡುತ್ತಾರೆ. ಮೊದಲ ಶೇ 6ರವರೆಗಿನ ನಷ್ಟ ಕುಟುಂಬದ್ದೇ. ಅಲ್ಲಿಂದ ಶೇ 30ರವರೆಗೆ ವಿಮಾ ಕಂಪನಿಗಳದು, ಅದರ ಮೇಲಿನದು ಸರ್ಕಾರದ್ದು. ಸುಮ್‌ನಲ್ಲಿ ಶೇ 20 ಸತ್ತರೆ ವಿಮೆ ಮಾಡಿಸಿದ ಮೊತ್ತದ ಶೇ 14 ಸಿಗುತ್ತದೆ. ಚೆನ್ನಾಗಿ ನೋಡಿಕೊಂಡು ಹಿಂಡು ಉಳಿಸಿಕೊಂಡವರಿಗೂ ಅಷ್ಟೇ ಸಿಗುವುದರಿಂದ ಜತನಕ್ಕೆ ಬೆಲೆಯಿದೆ. ಆದರೆ ಸುಮ್ ಎಂದರೆ ಕೊಡಗಿಗಿಂತ ದೊಡ್ಡದು ಎಂಬುದನ್ನು ನೆನಪಿಡಬೇಕು. ಅದರ ಒಂದು ಮೂಲೆಯಲ್ಲಿ ಒಬ್ಬರ ಹಿಂಡು ಪೂರ್ತಿ ಸತ್ತು, ಉಳಿದ ಕಡೆ ಮೇವು ಸಿಕ್ಕಿ ಸರಾಸರಿ ಶೇ 5ಕ್ಕೆ ನಿಂತರೆ, ಆ ಮನೆಗೆ ಸಿಗುವುದು ಸೊನ್ನೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಸರಾಸರಿಯ ಮೇಲೆ ಕಟ್ಟಿದ ವಿಮೆಗೆ ಪೂರ್ಣ ನಷ್ಟದ ಮನೆಗಳಿಗಾಗಿ ಬೇರೆಯೇ ಒಂದು ಕೈ ಬೇಕು.

ಹಿಂಡು ಹೋದವರು ಹೋಗುವುದು ಉಲಾನ್‌ಬಾತರ್‌ಗೆ. ಝುಡ್ ಒಂದೇ ಕಾರಣ ಎನ್ನುವುದು ಮಾತ್ರ ತಪ್ಪು. 2008ರಲ್ಲಿ ಶಾಲೆಗೆ ಸೇರುವ ವಯಸ್ಸು ಆರಕ್ಕೆ ಇಳಿಯಿತು. ಮೊದಲು ಎಂಟು ಇತ್ತು. ಎಂಟು ವರ್ಷದ ಮಗುವನ್ನು ಸುಮ್ ಕೇಂದ್ರದ ವಸತಿನಿಲಯದಲ್ಲಿ ಬಿಡುತ್ತಿದ್ದ ತಾಯಂದಿರು ಆರರ ಮಗುವನ್ನು ಬಿಡಲು ಒಪ್ಪಲಿಲ್ಲ. ಚಳಿಗಾಲದಲ್ಲಿ ತಾಯಿ ಮಗುವಿನೊಂದಿಗೆ ಕೇಂದ್ರದಲ್ಲಿ ಒಂದು ಗೆರ್ ಹೂಡುತ್ತಾಳೆ, ತಂದೆ ಹಿಂಡಿನ ಜೊತೆ ಇನ್ನೊಂದರಲ್ಲಿ. ಎರಡು ಮನೆ, ಎರಡು ಒಲೆ, ಎರಡು ಕಡೆ ಉರುವಲು, ಹಿಂಡಿನ ಹತ್ತಿರ ಎರಡು ಕೈ ಕಡಿಮೆ. ಕೆಲವು ವರ್ಷ ಹೀಗೆ ಕಳೆದ ಕುಟುಂಬಕ್ಕೆ ಒಂದು ಕೆಟ್ಟ ಚಳಿಗಾಲ ಸಾಕು.

ಉಲಾನ್‌ಬಾತರ್ ಸಮುದ್ರಮಟ್ಟದಿಂದ 1,300 ಮೀಟರ್‌ಗಿಂತ ಎತ್ತರದ ಕಣಿವೆ. ಜಗತ್ತಿನ ಅತ್ಯಂತ ಚಳಿಯ ರಾಜಧಾನಿ. ಜನವರಿಯ ಸರಾಸರಿಯೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಬೇಸಿಗೆಯಲ್ಲಿ ನೋಡಿದರೆ ಎರಡು ನಗರಗಳು ಒಂದರೊಳಗೊಂದು ಇವೆ. ನಡುವೆ ಸುಖ್‌ಬಾತರ್ ಚೌಕ, ಗಾಜಿನ ಗೋಪುರಗಳು, ಸೋವಿಯತ್ ಕಾಲದ ಅಪಾರ್ಟ್‌ಮೆಂಟುಗಳು, ಕೊರಿಯನ್ ಹೋಟೆಲುಗಳು, ಬಲಗಡೆ ಸ್ಟಿಯರಿಂಗಿನ ಹಳೆಯ ಜಪಾನಿ ಪ್ರಿಯಸ್ ಕಾರುಗಳ ಮುಗಿಯದ ಸಾಲು. ರಸ್ತೆಯ ನಿಯಮ ಬಲಗಡೆಯದು, ಕಾರಿನ ಚಕ್ರವೂ ಬಲಗಡೆಯದು. ದಟ್ಟಣೆ ತಾಳಲಾರದೆ 2012ರಿಂದ ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ವಾರಕ್ಕೊಂದು ದಿನ ಕಾರು ಮನೆಯಲ್ಲಿಡುವ ನಿಯಮ ತಂದರು. ನಡುವೆಯೇ ಗಂದನ್ ವಿಹಾರ, ಅಲ್ಲಿ 1996ರಲ್ಲಿ ಮತ್ತೆ ನಿಲ್ಲಿಸಿದ 26.5 ಮೀಟರಿನ ಅವಲೋಕಿತೇಶ್ವರ. ಕನ್ನಡಿಗರಿಗೆ ಇಲ್ಲೊಂದು ನಂಟಿದೆ: ಉತ್ತರ ಕನ್ನಡದ ಮುಂಡಗೋಡಿನಲ್ಲಿರುವ ಡ್ರೆಪುಂಗ್ ಗೋಮಾಂಗ್ ವಿಹಾರಕ್ಕೆ ಮಂಗೋಲಿಯದ ಭಿಕ್ಷುಗಳು ಓದಲು ಬರುತ್ತಾರೆ.

ಎರಡನೆಯ ನಗರ ಗುಡ್ಡಗಳ ಮೇಲೆ. ಹಲಗೆ ಬೇಲಿ, ಒಳಗೆ ಗೆರ್, ಪಕ್ಕದಲ್ಲಿ ಒಂದು ಇಟ್ಟಿಗೆ ಮನೆ, ಮೂಲೆಯಲ್ಲಿ ಗುಂಡಿ ಪಾಯಿಖಾನೆ. ಸಾವಿರಾರು ಇಂಥ ಅಂಗಳಗಳು. ನಗರದ ಅರ್ಧಕ್ಕಿಂತ ಹೆಚ್ಚು ಜನ ವಾಸಿಸುವುದು ಇಲ್ಲಿ. 2000ದ ಗಣತಿಯಲ್ಲಿ ನಗರದ ಜನಸಂಖ್ಯೆ 7.6 ಲಕ್ಷ, 2010ರಲ್ಲಿ 11.5 ಲಕ್ಷ. ಝುಡ್‌ಗಳ ದಶಕವೂ ಅದೇ. 2003ರಲ್ಲಿ ಜಾರಿಯಾದ ಭೂ ಕಾನೂನು ರಾಜಧಾನಿಯಲ್ಲಿ ಮನೆ ಕಟ್ಟಿಕೊಳ್ಳಲು 0.07 ಹೆಕ್ಟೇರ್, ಅಂದರೆ 700 ಚದರ ಮೀಟರ್‌ವರೆಗೆ ಉಚಿತವಾಗಿ ಸ್ವಂತ ಮಾಡಿಕೊಳ್ಳುವ ಹಕ್ಕು ಕೊಟ್ಟಿತು. ನಮ್ಮ ಲೆಕ್ಕದಲ್ಲಿ 30–40ರ ಆರು ಸೈಟುಗಳಷ್ಟು. ಬೇಲಿ ಇಲ್ಲದ ನಾಡಿನಿಂದ ಬಂದವರು ಮೊದಲು ಮಾಡುವ ಕೆಲಸ ಬೇಲಿ ಹಾಕುವುದು. ವಲಸೆ ತಡೆಯಲಾರದೆ 2017ರಲ್ಲಿ ನಗರಾಡಳಿತ ಹಳ್ಳಿಯಿಂದ ಬರುವವರ ನೋಂದಣಿಯನ್ನೇ ನಿಲ್ಲಿಸಿತು. ಜನ ಬರುವುದು ನಿಲ್ಲಲಿಲ್ಲ; ನೋಂದಣಿ ಇಲ್ಲದೆ ಬಂದರು.

ಈ ಅಂಗಳಗಳಿಗೆ ಕೊಳಾಯಿ ಇಲ್ಲ. ಬೀದಿ ಮೂಲೆಯ ನೀರಿನ ಗೂಡಂಗಡಿಯಿಂದ ಕ್ಯಾನುಗಳಲ್ಲಿ ತುಂಬಿಸಿ ಕೈಗಾಡಿಯಲ್ಲಿ ಎಳೆದು ತರಬೇಕು. ಬೆಲೆ ಲೀಟರಿಗೆ ಒಂದೆರಡು ತುಗ್ರಿಕ್, ನಮ್ಮ ಐದು ಪೈಸೆಯೊಳಗೆ. ತಲೆಗೆ ದಿನದ ಬಳಕೆ 8ರಿಂದ 10 ಲೀಟರ್. ನಮ್ಮಲ್ಲಿ ನಗರದ ನೀರು ಪೂರೈಕೆಗೆ ಹಾಕಿಕೊಂಡ ಮಾನ 135 ಲೀಟರ್. ನಾಲ್ವರ ಮನೆಗೆ ದಿನಕ್ಕೆ 40 ಲೀಟರ್, ಎರಡು ರೂಪಾಯಿಯ ನೀರು. ದುಬಾರಿಯಾದದ್ದು ನೀರಲ್ಲ, ಮಂಜುಗಟ್ಟಿದ ಏರಿನಲ್ಲಿ 40 ಕಿಲೋ ಎಳೆಯುವುದು. ಎಳೆಯುವವರು ಹೆಚ್ಚಾಗಿ ಶಾಲೆ ಬಿಟ್ಟು ಬಂದ ಮಕ್ಕಳು.

ಕೇಂದ್ರ ಉಷ್ಣ ವ್ಯವಸ್ಥೆಯೂ ಇಲ್ಲಿಗಿಲ್ಲ. ಕೆಳಗಿನ ಅಪಾರ್ಟ್‌ಮೆಂಟುಗಳಿಗೆ ವಿದ್ಯುತ್ ಸ್ಥಾವರಗಳಿಂದ ಬಿಸಿನೀರಿನ ಕೊಳವೆ ಬರುತ್ತದೆ, ಸೆಪ್ಟೆಂಬರ್ 15ರಿಂದ ಮೇ 15ರವರೆಗೆ, ಎಂಟು ತಿಂಗಳು. ಗುಡ್ಡದ ಮೇಲಿನ ಪ್ರತಿ ಮನೆಯೂ ತನ್ನ ಒಲೆಯಲ್ಲಿ ಚಳಿಗಾಲಕ್ಕೆ ನಾಲ್ಕೈದು ಟನ್ ಕಲ್ಲಿದ್ದಲು ಸುಡುತ್ತಿತ್ತು. ಸುತ್ತ ಬೆಟ್ಟ, ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ. ಹೊಗೆಗೆ ಹೋಗಲು ದಾರಿಯಿಲ್ಲ. 2018ರ ಜನವರಿ 30ರಂದು ಬಯಾನ್‌ಖೋಶು ಪ್ರದೇಶದಲ್ಲಿ ಪಿ.ಎಂ. 2.5 ಕಣಗಳ ಪ್ರಮಾಣ ಘನ ಮೀಟರಿಗೆ 3,320 ಮೈಕ್ರೊಗ್ರಾಂ ಮುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಆಗ ದಿನದ ಸರಾಸರಿಗೆ ಸುರಕ್ಷಿತ ಎಂದದ್ದು 25. ಅಂದರೆ 133 ಪಟ್ಟು. ಈ ಗಾಳಿಯ ಬೆಲೆಯನ್ನು ಮಕ್ಕಳು ನ್ಯುಮೋನಿಯಾದಲ್ಲಿ ಕಟ್ಟುತ್ತಿದ್ದಾರೆ.

2019ರ ಮೇ 15ರಿಂದ ನಗರದಲ್ಲಿ ಕಚ್ಚಾ ಕಲ್ಲಿದ್ದಲು ನಿಷೇಧವಾಯಿತು. ಬದಲಿಗೆ ಸಂಸ್ಕರಿಸಿದ ಇಟ್ಟಿಗೆ ಇದ್ದಿಲು, 25 ಕಿಲೋ ಚೀಲಕ್ಕೆ 3,750 ತುಗ್ರಿಕ್ ರಿಯಾಯಿತಿ ದರ. ಟನ್ನಿಗೆ 1.5 ಲಕ್ಷವಾಯಿತು, ಚಳಿಗಾಲಕ್ಕೆ 3 ಟನ್ ಸುಟ್ಟರೂ 4.5 ಲಕ್ಷ. ಆ ವರ್ಷದ ಕನಿಷ್ಠ ವೇತನ ತಿಂಗಳಿಗೆ 3.2 ಲಕ್ಷ. ಹೊಗೆ ಕಣ್ಣಿಗೆ ಕಾಣುವಂತೆ ಇಳಿಯಿತು. ಆದರೆ ಆ ಮೊದಲ ಚಳಿಗಾಲದಲ್ಲೇ ಹಳೆಯ ಒಲೆಗಳಲ್ಲಿ ಹೊಸ ಇದ್ದಿಲು ಉರಿಸಿ ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ಜನ ಸತ್ತರು. ಇಂಧನ ಬದಲಾಯಿಸಿದ ಸರ್ಕಾರ ಒಲೆಯನ್ನೂ ಹೊಗೆ ಕೊಳವೆಯನ್ನೂ ಅದರ ಜೊತೆಗೇ ಬದಲಾಯಿಸಬೇಕಿತ್ತು. ಅದು ಲೆಕ್ಕಕ್ಕೆ ಸಿಗದ ದೊಡ್ಡ ಖರ್ಚೇನೂ ಅಲ್ಲ.

ಅತ್ತ ಹಳ್ಳಿಗಾಡಿನಲ್ಲಿ ಇದೇ ಗೆರ್, ಇದೇ ಒಲೆ, ಉರುವಲು ಒಣ ಸಗಣಿ. ಕಿಲೋಮೀಟರುಗಟ್ಟಲೆ ಅಂತರದಲ್ಲಿ ಒಂದೊಂದು ಹೊಗೆ ಕೊಳವೆ. ಯಾರಿಗೂ ಕೆಮ್ಮಿಲ್ಲ. ಮನೆ ಕೆಟ್ಟದ್ದಲ್ಲ, ಒಲೆ ಕೆಟ್ಟದ್ದಲ್ಲ. ಅಷ್ಟು ಮನೆಗಳನ್ನು ಒಂದೇ ಕಣಿವೆಗೆ ತಳ್ಳಿದ ಕಾರಣಗಳಿವೆ, ಅವು ಕಣಿವೆಯಿಂದ 500 ಕಿಲೋಮೀಟರ್ ಆಚೆ, ಹುಲ್ಲಿನಲ್ಲಿವೆ. ನಗರದ ಹೊಗೆಗೆ ಮಾಡುವ ಖರ್ಚಿನಲ್ಲಿ ಒಂದು ಪಾಲು ಸುಮ್ ಕೇಂದ್ರದ ಒಣಹುಲ್ಲಿನ ದಾಸ್ತಾನಿಗೆ, ಆರು ವರ್ಷದ ಮಗು ನೆಮ್ಮದಿಯಾಗಿ ಮಲಗುವಂತಹ ವಸತಿನಿಲಯಕ್ಕೆ ಹೋಗಬೇಕು ಎಂಬುದು, ಎರಡೂ ಕಡೆಯ ಮನೆಗಳಲ್ಲಿ ಕೂತು ಚಹಾ ಕುಡಿದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ.

ಎರಡರ ನಡುವೆ ಇನ್ನೂ ಕಡಿಯದ ಒಂದು ಕೊಂಡಿಯಿದೆ: ಈದೇಶ್, ಚಳಿಗಾಲದ ಮಾಂಸ. ನವೆಂಬರಿನಲ್ಲಿ ಪ್ರಾಣಿಗಳು ಮೈತುಂಬಿಕೊಂಡಿರುವಾಗ, ಹೊರಗಿನ ಹವೆಯೇ ಶೀತಲಪೆಟ್ಟಿಗೆಯಾದಾಗ, ಹಳ್ಳಿಯ ಅಣ್ಣನೋ ಅತ್ತೆಯೋ ಕಡಿದು ಹೆಪ್ಪುಗಟ್ಟಿಸಿದ ಮಾಂಸವನ್ನು ನಗರದ ನೆಂಟರಿಗೆ ಟ್ರಕ್ಕಿನಲ್ಲಿ ಕಳಿಸುತ್ತಾರೆ. ನಗರದವರು ಅದನ್ನು ಬಾಲ್ಕನಿಯಲ್ಲಿ, ಅಂಗಳದ ಗೂಡಿನಲ್ಲಿ ಇಟ್ಟುಕೊಂಡು ವಸಂತದವರೆಗೆ ತಿನ್ನುತ್ತಾರೆ. ನಾಲ್ಕೈದು ಜನರ ಮನೆಗೆ ಒಂದು ದನ, ಮೂರು ಕುರಿ ಎಂದರೆ ಸುಮಾರು 180 ಕಿಲೋ. ಮಾರುಕಟ್ಟೆಯಲ್ಲಿ ಕಿಲೋಗೆ 15,000 ತುಗ್ರಿಕ್‌ನ ಆಸುಪಾಸು ಹಿಡಿದರೂ 27 ಲಕ್ಷ, 2024ರ ಕನಿಷ್ಠ ವೇತನದಲ್ಲಿ ನಾಲ್ಕು ತಿಂಗಳ ದುಡಿಮೆ. ಅಣ್ಣನ ಹಿಂಡು ಇರುವವರೆಗೆ ತಮ್ಮನ ಮನೆಗೆ ಈ ಖರ್ಚಿಲ್ಲ. 2024ರ ವಸಂತದಲ್ಲಿ ಹಿಂಡು ಕಳೆದುಕೊಂಡ ಅಣ್ಣಂದಿರ ಬಳಿ ನವೆಂಬರಿನಲ್ಲಿ ಕಳಿಸಲು ಏನೂ ಇರಲಿಲ್ಲ. ಆ 27 ಲಕ್ಷವನ್ನು ಗುಡ್ಡದ ಮೇಲಿನ ಮನೆಗಳು ಇದ್ದಿಲಿನ ದುಡ್ಡಿನಿಂದಲೇ ತೆಗೆಯಬೇಕಾಯಿತು.